ಪೆಟ್ಟಿಗೆಯೊಳಗಿನ ಹಗೇವು

(ಕಣಗಿನಹಾಳದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ದತ್ತಿ ಉಪನ್ಯಾಸ ಅಂದರೆ ನಮ್ಮ ಕಡೆ ಒಂದೋ ವಚನದ ಮೇಲೆ, ಇಲ್ಲವೇ ಏಕೀಕರಣದ ಮೇಲೆ. ನನ್ನನ್ನು ಕರೆದವರು ಫೋನಿನಲ್ಲಿ ವಿಷಯ ಏನು ಎಂದು ಕೇಳಿದರು. "ಜೇನಿನ ನುಸಿಗೆ ಫಾರ್ಮಿಕ್ ಆಸಿಡ್" ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಸರ, ಆಸಿಡ್ ಅಂತ ಆಮಂತ್ರಣ ಪತ್ರಿಕಾದಾಗ ಹಾಕೂದು ಬ್ಯಾಡ್ರಿ, ಮಂದಿ ಹೆದರತಾರ" ಎಂದರು. ಹಾಗಾಗಿ ಪತ್ರಿಕೆಯಲ್ಲಿ "ಜೇನು ಸಾಕಣೆಯಲ್ಲಿ ರೋಗ ನಿರ್ವಹಣೆ" ಎಂದು ಅಚ್ಚಾಗಿದೆ. ನನ್ನ ಕೇಳಿದರೆ ಮಂದಿ ಸ್ವಲ್ಪ ಹೆದರುವುದೇ ಒಳ್ಳೆಯದು. ಎಷ್ಟು ಹೆದರಬೇಕು, ಯಾವ ತಿಂಗಳಲ್ಲಿ ಹೆದರಬೇಕು ಎಂದು ಹೇಳುವುದಕ್ಕೇ ನಾನು ಬಂದಿದ್ದೇನೆ.

ಈ ಊರಿನಿಂದಲೇ ಶುರು ಮಾಡುತ್ತೇನೆ. 1904ರಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಂಗತಿ ನಡೆದವು. ಬ್ರಿಟಿಷ್ ಸರ್ಕಾರ ಸಹಕಾರ ಪತ್ತಿನ ಸಂಘಗಳ ಕಾಯ್ದೆ ತಂದಿತು. ಅದೇ ವರ್ಷ ಔಡೆಮನ್ಸ್ ಎಂಬ ಡಚ್ ವಿಜ್ಞಾನಿ ಜಾವಾ ದ್ವೀಪದ ಜೇನಿನ ಮೈಮೇಲೆ ಸಿಕ್ಕ ಒಂದು ನುಸಿಗೆ ವರೋವಾ ಎಂದು ಹೆಸರಿಟ್ಟ. ಮೊದಲನೆಯದರ ಫಲ ನಿಮಗೆ ಗೊತ್ತು. ಮರುವರ್ಷ, 1905ರಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಇದೇ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಆಗ ಇದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಏಷ್ಯಾದ ಮೊದಲ ಕೃಷಿ ಸಹಕಾರ ಸಂಘ ಎಂದು ನಾವೆಲ್ಲ ಎದೆಯುಬ್ಬಿಸಿ ಹೇಳಿಕೊಳ್ಳುತ್ತೇವೆ. ಎರಡನೆಯದರ ಫಲ ಜಗತ್ತಿಗೆ ಗೊತ್ತಾಗಲು ಇನ್ನೂ ಅರ್ಧ ಶತಮಾನ ಹಿಡಿಯಿತು.

ಆ 1904ರ ಕಾಯ್ದೆಯಲ್ಲಿ ಹಳ್ಳಿಯ ಸಂಘಗಳಿಗೆ ಒಂದು ಸಾಮಾನ್ಯ ನಿಯಮವಿತ್ತು: ಅಪರಿಮಿತ ಹೊಣೆ. ಒಬ್ಬ ಸದಸ್ಯ ಸಾಲ ಮುಳುಗಿಸಿದರೆ ಅದರ ಭಾರ ಉಳಿದವರ ಹೊಲಮನೆಯ ಮೇಲೂ ಬರುತ್ತದೆ. ಕೇಳಿದರೆ ಭಯವಾಗುತ್ತದೆ. ಆದರೆ ಆ ಭಯದಿಂದಲೇ ನೆರೆಯವನ ಎತ್ತು, ನೆರೆಯವನ ಬೆಳೆ, ನೆರೆಯವನ ಖರ್ಚಿನ ಮೇಲೆ ಊರು ಕಣ್ಣಿಟ್ಟಿತು. ಜೇನಿನ ನುಸಿಯ ವಿಷಯದಲ್ಲಿ ಈ ನಿಯಮವನ್ನು ಯಾವ ಸರ್ಕಾರವೂ ಬರೆದಿಲ್ಲ. ಬರೆಯದಿದ್ದರೂ ಅದು ಜಾರಿಯಲ್ಲಿದೆ. ನಿಮ್ಮ ಪೆಟ್ಟಿಗೆಯ ನುಸಿ ನನ್ನ ಪೆಟ್ಟಿಗೆಯ ಸಾಲ. ಹೇಗೆ ಎನ್ನುವುದನ್ನು ಮುಂದೆ ಹೇಳುತ್ತೇನೆ.

ಮೊದಲು ನುಸಿ ಯಾವುದು ಎಂದು ನೋಡೋಣ. ನಮ್ಮ ನೆಲದ ಜೇನು ತುಡುವೆ. ಹುತ್ತದಲ್ಲಿ, ಮರದ ಪೊಟರೆಯಲ್ಲಿ ಗೂಡು ಕಟ್ಟುವ ನೊಣ. ವರೋವಾ ಈ ತುಡುವೆಯದೇ ಹಳೆಯ ಬಾಡಿಗೆದಾರ. ಇಬ್ಬರೂ ಒಂದೇ ಮನೆಯಲ್ಲಿ ಎಷ್ಟೋ ಕಾಲ ಬಾಳಿದ್ದರಿಂದ ಒಂದು ಒಪ್ಪಂದಕ್ಕೆ ಬಂದಿದ್ದಾರೆ. ತುಡುವೆಯ ಗೂಡಿನಲ್ಲಿ ನುಸಿ ಗಂಡುನೊಣದ ಮರಿಯಿರುವ ಕಣದಲ್ಲಿ ಮಾತ್ರ ಚೆನ್ನಾಗಿ ಮರಿ ಮಾಡುತ್ತದೆ. ಕೆಲಸಗಾರ ನೊಣಗಳು ಒಂದರ ಮೈ ಒಂದು ಕೆದಕಿ ನುಸಿ ತೆಗೆದು ಕಡಿಯುತ್ತವೆ. ನುಸಿ ಹೆಚ್ಚು ಹತ್ತಿದ ಗಂಡುಮರಿ ಮುಚ್ಚಳ ಒಡೆಯಲಾರದೆ ಒಳಗೇ ಸತ್ತರೆ, ಅದರ ಜೊತೆ ನುಸಿಯೂ ಗೋರಿಯಾಗುತ್ತದೆ.

ಯುರೋಪಿನ ಮೆಲ್ಲಿಫೆರಾ ಜೇನಿಗೆ ಈ ಒಪ್ಪಂದದ ಗಂಧವೇ ಇಲ್ಲ. ಜೇನು ಹೆಚ್ಚು ಕೊಡುತ್ತದೆ ಎಂದು ಮನುಷ್ಯ ಅದನ್ನು ರೈಲಿನಲ್ಲಿ, ಹಡಗಿನಲ್ಲಿ ಪೂರ್ವ ಏಷ್ಯಾಕ್ಕೆ ಒಯ್ದ. ಅಲ್ಲಿ ಪಕ್ಕದ ತುಡುವೆಯಿಂದ ನುಸಿ ಜಿಗಿಯಿತು. ಅದೇ ಪೆಟ್ಟಿಗೆಗಳ ವ್ಯಾಪಾರದ ಬೆನ್ನೇರಿ ಪಶ್ಚಿಮಕ್ಕೆ ಹೋಯಿತು. ಜರ್ಮನಿಯಲ್ಲಿ 1977ರಲ್ಲಿ, ಅಮೆರಿಕದಲ್ಲಿ 1987ರಲ್ಲಿ ಕಾಣಿಸಿಕೊಂಡಿತು. ಕೊನೆಯವರೆಗೆ ಬಾಗಿಲು ಹಾಕಿಕೊಂಡಿದ್ದ ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ಬಂದರಿನಲ್ಲಿ 2022ರ ಜೂನ್‌ನಲ್ಲಿ ಸಿಕ್ಕಿತು. ಸಾವಿರಾರು ಪೆಟ್ಟಿಗೆ ನಾಶ ಮಾಡಿಯೂ ಆಗಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಅವರು ನಿರ್ಮೂಲನೆಯ ಆಸೆಯನ್ನೇ ಬಿಟ್ಟರು. ಹೀಗೆ ಲೋಕ ಸುತ್ತಿದ ನುಸಿ ಜಾವಾದ್ದಲ್ಲ, ಅದರ ದಾಯಾದಿ ಎಂದು ಆಂಡರ್ಸನ್ ಮತ್ತು ಟ್ರೂಮನ್ 2000ದಲ್ಲಿ ತೋರಿಸಿ, ಅದಕ್ಕೆ 'ವಿನಾಶಕ' ಎಂಬ ಅರ್ಥ ಬರುವಂತೆ ವರೋವಾ ಡಿಸ್ಟ್ರಕ್ಟರ್ ಎಂದು ಬೇರೆ ಹೆಸರು ಕೊಟ್ಟರು.

ಮೆಲ್ಲಿಫೆರಾ ನಮ್ಮ ದೇಶದಲ್ಲಿ ನೆಲೆ ನಿಂತದ್ದು 1962ರಲ್ಲಿ, ಆಗ ಪಂಜಾಬಿಗೆ ಸೇರಿದ್ದ ನಗ್ರೋಟಾದಲ್ಲಿ, ಅತ್ವಾಲ್ ಮತ್ತು ಸಂಗಡಿಗರ ಪ್ರಯತ್ನದಿಂದ. ನಮ್ಮ ಬಯಲುಸೀಮೆಗೆ ಅದು ಬಂದದ್ದು ಸೂರ್ಯಕಾಂತಿಯ ಹಿಂದೆ. ಹೊಲ ಹಳದಿಯಾಗುವ ಹೊತ್ತಿಗೆ ಪೆಟ್ಟಿಗೆ ಹೇರಿಕೊಂಡ ಲಾರಿ ರಾತ್ರಿ ಬರುತ್ತದೆ, ಬದುವಿನ ಮೇಲೆ ಇಳಿಸುತ್ತಾರೆ, ಹೂವು ಬಾಡಿದ ಮೇಲೆ ಮುಂದಿನ ಊರಿಗೆ ಹೋಗುತ್ತದೆ. ಬರುವಾಗ ನುಸಿ ತರುತ್ತದೆ, ಹೋಗುವಾಗ ನಮ್ಮದನ್ನೂ ಒಯ್ಯುತ್ತದೆ.

ಒಂದು ಮಾತು ನಡುವೆ. ಎರಿ ಅಂದರೆ ನಮಗೆ ಕಪ್ಪು ಭೂಮಿ. ಮಲೆನಾಡು, ಕರಾವಳಿಯ ಜೇನುಗಾರರಿಗೆ ಎರಿ ಅಂದರೆ ಗೂಡಿನ ಮೇಣದ ಹಲಗೆ. ತರಬೇತಿಗೆ ಬಂದ ಒಬ್ಬ ಹಿರಿಯರು "ಎರಿ ಒಡೆದರೆ ಜೇನು ಸಾಯುತ್ತದೆ" ಎಂದು ಕೇಳಿಸಿಕೊಂಡು, ಬೇಸಿಗೆಯಲ್ಲಿ ಹೊಲ ಬಿರುಕು ಬಿಡುವುದಕ್ಕೂ ಜೇನಿಗೂ ಏನು ಸಂಬಂಧ ಎಂದು ಒಂದು ದಿನವಿಡೀ ಯೋಚಿಸಿದರಂತೆ. ಹಾಗಾಗಿ ಇವತ್ತು ಆ ಹಲಗೆಗೆ ನಾನು ಹುಟ್ಟು ಎನ್ನುತ್ತೇನೆ.

ನುಸಿ ಎಷ್ಟು ದೊಡ್ಡದು? ರಾಗಿ ಕಾಳನ್ನು ಬೆರಳಿನಿಂದ ಒತ್ತಿ ಚಪ್ಪಟೆ ಮಾಡಿದರೆ ಹೇಗೋ ಹಾಗೆ. ಬಣ್ಣವೂ ಅದೇ ಕಂದು ಕೆಂಪು. ಅಗಲ ಒಂದೂವರೆ ಮಿಲಿಮೀಟರಿನ ಆಸುಪಾಸು, ಉದ್ದ ಅದಕ್ಕಿಂತ ಕಡಿಮೆ. ಏಡಿಯಂತೆ ಅಡ್ಡಕ್ಕೆ ಅಗಲ. ನೊಣದ ಮೈಗೆ ಹೋಲಿಸಿದರೆ, ನಮ್ಮ ಮೈಮೇಲೆ ಒಂದು ಊಟದ ತಟ್ಟೆ ಅಂಟಿಕೊಂಡಂತೆ. ಕಣಕ್ಕೆ ಮುಚ್ಚಳ ಬೀಳುವ ಸ್ವಲ್ಪ ಮುಂಚೆ ತಾಯಿ ನುಸಿ ಒಳಗೆ ನುಗ್ಗಿ, ಮರಿಯ ಊಟದ ರಸದಡಿ ಅಡಗುತ್ತದೆ. ಮುಚ್ಚಳ ಬಿದ್ದು ಸುಮಾರು ಮೂರು ದಿನಕ್ಕೆ ಮೊದಲ ಮೊಟ್ಟೆ, ಅದು ಗಂಡು. ಆಮೇಲೆ ಸುಮಾರು ಮೂವತ್ತು ತಾಸಿಗೊಂದರಂತೆ ಹೆಣ್ಣು ಮೊಟ್ಟೆಗಳು. ಅಣ್ಣ ತಂಗಿಯರೇ ಆ ಕತ್ತಲಲ್ಲಿ ಕೂಡುತ್ತಾರೆ. ಕೆಲಸಗಾರ ಮರಿಯ ಮುಚ್ಚಳ 12 ದಿನ ಇರುತ್ತದೆ, ಗಂಡುನೊಣದ್ದು ಇನ್ನೂ ಎರಡು ಮೂರು ದಿನ ಹೆಚ್ಚು. ನೊಣ ಮುಚ್ಚಳ ಕಡಿದು ಹೊರಬರುವಾಗ ಅದರ ಜೊತೆ ತಾಯಿ ನುಸಿ, ಬಲಿತ ಮಗಳು ನುಸಿಗಳು. ಹೊರಬಂದ ನೊಣ ನುಸಿ ಹರಡಿದ ವೈರಸ್ಸಿನಿಂದ ರೆಕ್ಕೆ ಮುದುಡಿ, ಹಲಗೆಯ ಮೇಲೆ ಕುಂಟುತ್ತ ಕೆಳಗೆ ಬಿದ್ದು ಇರುವೆಗೆ ಊಟವಾಗುತ್ತದೆ.

ಇನ್ನೊಂದು ನುಸಿಯಿದೆ, ಹೆಸರು ಟ್ರೋಪಿಲೀಲ್ಯಾಪ್ಸ್. ಇದರ ಮೂಲ ಮನೆ ಹೆಜ್ಜೇನು. ಹಳೆಯ ಆಲದ ಮರದಲ್ಲಿ, ನೀರಿನ ಟಾಕಿಯ ಕೆಳಗೆ, ಬಂಡೆಯ ಅಡಿಯಲ್ಲಿ ನೇತಾಡುವ ಹೆಜ್ಜೇನು. ಇದು ಉದ್ದಕ್ಕೆ ತೆಳ್ಳಗೆ, ಹುಟ್ಟಿನ ಮೇಲೆ ಸರಸರ ಓಡುತ್ತದೆ. ವರೋವಾಗಿಂತ ಬೇಗ ಪೀಳಿಗೆ ಮುಗಿಸುತ್ತದೆ. ಆದರೆ ಬೆಳೆದ ನೊಣವನ್ನು ಚುಚ್ಚಿ ಬದುಕುವ ಶಕ್ತಿ ಇದರ ಬಾಯಿಗೆ ಇಲ್ಲ. ಮರಿ ಇಲ್ಲದ ಗೂಡಿನಲ್ಲಿ ಕೆಲವೇ ದಿನಕ್ಕೆ ಸಾಯುತ್ತದೆ. ಹೆಜ್ಜೇನು ಹಳೆಯ ಹುಟ್ಟು ಬಿಟ್ಟು ವಲಸೆ ಹೋಗುವುದರಲ್ಲಿ ಇದಕ್ಕೆ ಮದ್ದಿದೆ. ಈ ದೌರ್ಬಲ್ಯವನ್ನು ನೆನಪಿಡಿ, ಏಪ್ರಿಲ್ ತಿಂಗಳಲ್ಲಿ ಬೇಕಾಗುತ್ತದೆ.

ಈಗ ಆಸಿಡ್ಡು.

1671ರ ಹೊತ್ತಿಗೆ ಇಂಗ್ಲೆಂಡಿನ ಜಾನ್ ರೇ ಕೆಂಪಿರುವೆಗಳನ್ನು ಭಟ್ಟಿ ಇಳಿಸಿ ಒಂದು ಹುಳಿ ದ್ರವ ಸಿಗುತ್ತದೆ ಎಂದು ಬರೆದ. ಲ್ಯಾಟಿನ್ನಿನಲ್ಲಿ ಇರುವೆಗೆ ಫಾರ್ಮಿಕಾ, ಅದರಿಂದ ಫಾರ್ಮಿಕ್ ಆಸಿಡ್. ನಮ್ಮವರು ಇರುವೆಯನ್ನು ಭಟ್ಟಿ ಇಳಿಸದೆ ಚಟ್ನಿ ಅರೆದರು. ಮಲೆನಾಡಿನ ಚಿಗಳಿ ಚಟ್ನಿಯ ಹುಳಿ ಇದೇ ಹುಳಿ. ಜೇನು ಕಡಿದರೆ ಉರಿಯುವುದೂ ಇದರಿಂದಲೇ ಎಂದು ಶಾಲೆಯಲ್ಲಿ ಕಲಿತಿದ್ದರೆ ಮರೆತುಬಿಡಿ. ಜೇನಿನ ಕೊಂಡಿಯ ಉರಿಗೆ ಮುಖ್ಯ ಕಾರಣ ಮೆಲಿಟಿನ್ ಎಂಬ ಬೇರೆಯೇ ವಸ್ತು. ಜೇನುತುಪ್ಪದಲ್ಲಿ ಮಾತ್ರ ಫಾರ್ಮಿಕ್ ಆಸಿಡ್ ತೀರಾ ಕಡಿಮೆ ಪ್ರಮಾಣದಲ್ಲಿ ತಾನಾಗಿಯೇ ಇರುತ್ತದೆ. ಪುತ್ತೂರು, ಸುಳ್ಯ ಕಡೆಯ ತೋಟದವರಿಗೆ ಇದು ರಬ್ಬರ್ ಹಾಲನ್ನು ಗಟ್ಟಿ ಮಾಡುವ ಆಸಿಡ್. ನಮ್ಮ ಗದಗಿನವರು ಆಸಿಡ್ ಎಂದರೆ ನೆನೆಯುವುದು ಬಚ್ಚಲು ತೊಳೆಯುವ ಬಾಟಲಿ. ಅದು ಬೇರೆ, ಇದು ಬೇರೆ. ಹೆಸರು ಒಂದೇ ಎಂದು ಅದನ್ನು ಪೆಟ್ಟಿಗೆಯೊಳಗೆ ಇಟ್ಟೀರಿ, ದಯಮಾಡಿ ಬೇಡ.

ಇರುವೆಯ ಈ ಹುಳಿ ಜೇನುಗಾರನಿಗೆ ಯಾಕೆ ಬೇಕು? ಇದರ ಆವಿ ಮೇಣದ ಮುಚ್ಚಳದೊಳಗೆ ಇಳಿಯುತ್ತದೆ. ಸಾಮಾನ್ಯವಾಗಿ ಬಳಸುವ ಬೇರೆ ಮದ್ದುಗಳಿಗೆ ಈ ಗುಣವಿಲ್ಲ. ಆಕ್ಸಾಲಿಕ್ ಆಸಿಡ್ ನೊಣದ ಮೈಮೇಲಿನ ನುಸಿಯನ್ನು ಕೊಲ್ಲುತ್ತದೆ, ಮುಚ್ಚಿದ ಕಣದೊಳಗಿನದು ನಗುತ್ತ ಕೂತಿರುತ್ತದೆ. ಫ್ಲುವಾಲಿನೇಟ್ ಪಟ್ಟಿಗಳ ವಿಷ ಮೇಣದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಅದಕ್ಕೆ ಒಗ್ಗಿಕೊಂಡ ನುಸಿಗಳು ಬಹಳ ಹಿಂದೆಯೇ ಹುಟ್ಟಿಕೊಂಡಿವೆ. ಫಾರ್ಮಿಕ್ ಆಸಿಡ್ ಹಾರಿಹೋಗುತ್ತದೆ, ಮೇಣದಲ್ಲಿ ನಿಲ್ಲುವುದಿಲ್ಲ.

ಇದು ಕೊಲ್ಲುವ ಬಗೆಯನ್ನು ನಮ್ಮ ನಾಡಿನವರು ಬೇರೆ ಕಡೆ ನೋಡಿದ್ದಾರೆ. ಕಳ್ಳಭಟ್ಟಿ ದುರಂತಗಳಲ್ಲಿ ಜನ ಕುರುಡಾಗುವುದು ಯಾಕೆ? ಕುಡಿದ ಮೆಥನಾಲ್ ಮೈಯೊಳಗೆ ಫಾರ್ಮಿಕ್ ಆಸಿಡ್ಡಾಗಿ ಬದಲಾಗುತ್ತದೆ. ಅದು ಜೀವಕೋಶದ ಉಸಿರಾಟದ ಕೊನೆಯ ಮೆಟ್ಟಿಲನ್ನು ಕಟ್ಟಿಹಾಕುತ್ತದೆ. ಮೊದಲು ಸೋಲುವುದು ಕಣ್ಣಿನ ನರ. ನುಸಿಯಲ್ಲೂ ಅದೇ ಮೆಟ್ಟಿಲು, ಅದೇ ಬೀಗ. ನೊಣದಲ್ಲೂ ಅದೇ ಮೆಟ್ಟಿಲಿದೆ, ನಮ್ಮಲ್ಲೂ ಇದೆ. ನುಸಿ ಸಾಯುವ ಪ್ರಮಾಣಕ್ಕೂ ರಾಣಿ ಸಾಯುವ ಪ್ರಮಾಣಕ್ಕೂ ನಡುವಿನ ಬದು ತೀರಾ ಸಣ್ಣದು. ಆ ಬದುವಿನ ಮೇಲೆ ನಡೆಯಲು ಕಲಿಯುವುದೇ ಈ ಕಸುಬು.

ಹಗೇವು ನೋಡಿದವರು ಇಲ್ಲಿ ಇನ್ನೂ ಇದ್ದೀರಿ. ನೆಲದೊಳಗೆ ತೋಡಿ ಜೋಳ ತುಂಬಿ ಮುಚ್ಚಿದ ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಬಿಟ್ಟು, ಗಾಳಿಯಾಡಿದ ಮೇಲೆ ದೀಪ ಇಳಿಬಿಟ್ಟು, ಅದು ಆರಲಿಲ್ಲ ಎಂದ ಮೇಲೆ ಆಳು ಇಳಿಯುತ್ತಿದ್ದ. ಕೆಟ್ಟ ಗಾಳಿ ಭಾರ, ತಳದಲ್ಲಿ ಕೂರುತ್ತದೆ ಎನ್ನುವ ಜ್ಞಾನ ನಮ್ಮ ಅಜ್ಜಂದಿರಿಗೆ ಯಾವ ಪುಸ್ತಕವೂ ಕೊಡದೆ ಬಂದಿತ್ತು. ಫಾರ್ಮಿಕ್ ಆಸಿಡ್ಡಿನ ಆವಿಯೂ ಗಾಳಿಗಿಂತ ಒಂದೂವರೆ ಪಟ್ಟಿಗೂ ಮಿಗಿಲಾಗಿ ಭಾರ. ಬಾಗಿಲು ಸಣ್ಣದು ಮಾಡಿದ ಜೇನುಪೆಟ್ಟಿಗೆ ಒಂದು ಪುಟ್ಟ ಹಗೇವು. ಒಳಗೆ ಸಿಕ್ಕಿಬಿದ್ದಿರುವುದು ಒಂದು ಇಡೀ ಸಂಸಾರ. (ಆಸಿಡ್ ಇರುವಲ್ಲಿ ದೀಪ ಮಾತ್ರ ಬೇಡ. ಇದು ಹೊತ್ತಿಕೊಳ್ಳುವ ವಸ್ತು. ಉರಿಯುವ ಹೊಗೆ ತಿದಿ, ಬೀಡಿ ಎರಡನ್ನೂ ದೂರ ಇಡಿ.)

ನನ್ನ ಮೂರ್ಖತನದ ಕಥೆಯೊಂದನ್ನು ಹೇಳಲೇಬೇಕು. ಬಹಳ ವರ್ಷ ಹಿಂದೆ, ಏಪ್ರಿಲ್ ತಿಂಗಳು, ಮುಂಡರಗಿ ಕಡೆ ಬೇಸಿಗೆ ಸೂರ್ಯಕಾಂತಿಯ ಬದಿಯಲ್ಲಿ ನನ್ನ ಹನ್ನೆರಡು ಪೆಟ್ಟಿಗೆ ಇದ್ದವು. ಮುಚ್ಚಳ ಬಿಡಿಸಿದರೆ ಎರಡರಲ್ಲಿ ಒಂದು ಕಣದಲ್ಲಿ ನುಸಿ. ಅಂಗಡಿಯೊಂದರಿಂದ ಲೇಬಲ್ ಇಲ್ಲದ ಕ್ಯಾನಿನಲ್ಲಿ ಆಸಿಡ್ ತಂದೆ. ಎಷ್ಟರದ್ದು ಎಂದು ಕೇಳಿದರೆ "ಸ್ಟ್ರಾಂಗ್ ಐತ್ರಿ" ಎಂದರು. ಆ ಉತ್ತರಕ್ಕೆ ನಾನು ತೃಪ್ತನಾದೆ, ಅದು ನನ್ನ ತಪ್ಪು. ಚಳಿಗಾಲದಲ್ಲಿ ಮಾಡಿದ ಅಳತೆಯನ್ನೇ, ಹತ್ತು ಗಂಟೆಯ ಬಿಸಿಲಿನಲ್ಲಿ, ಬಾಗಿಲ ಪಟ್ಟಿಯನ್ನೂ ತೆಗೆಯದೆ ಇಟ್ಟೆ. ಎರಡು ಗಂಟೆಗೆ ಹೋಗಿ ನೋಡಿದರೆ ನೊಣಗಳು ಪೆಟ್ಟಿಗೆಯ ಮುಂದೆ ಗಡ್ಡ ಬಿಟ್ಟಂತೆ ಜೋತುಬಿದ್ದಿವೆ. ಗಡ್ಡ ಬಿಡುವುದು ಸ್ವಲ್ಪ ಮಟ್ಟಿಗೆ ಸಹಜ, ಇದು ಸಹಜವಾಗಿರಲಿಲ್ಲ. ಒಳಗಿಂದ ರೆಕ್ಕೆ ಬಡಿದು ಗಾಳಿ ಹಾಕುವ ಸದ್ದು ಹತ್ತು ಮಾರು ದೂರಕ್ಕೆ ಕೇಳುತ್ತಿತ್ತು. ಗಾಬರಿಯಲ್ಲಿ ಮುಚ್ಚಳ ಎತ್ತಿ ಮುಖ ಬಗ್ಗಿಸಿದೆ. ಒಂದು ಉಸಿರು ಎಳೆದದ್ದಷ್ಟೇ ನೆನಪು; ಗಂಟಲು ಕಟ್ಟಿ, ಕಣ್ಣಲ್ಲಿ ನೀರು ಸುರಿದು, ಬದುವಿನಲ್ಲಿ ಕುಸಿದು ಕೂತೆ. ಹೊಲದ ಯಜಮಾನರ ತಾಯಿ ಕೊಡದ ನೀರನ್ನು ಮುಖದ ಮೇಲೆ ಹಾಕುತ್ತಲೇ ಇದ್ದರು. "ಹುಳಕ್ಕ ಮದ್ದು ಹಾಕಾಕ ಬಂದು ನೀನ ಹುಳಾ ಆಗಿ ಬಿದ್ದೆಲ್ಲೋ ಯಪ್ಪಾ" ಎಂದರು. ವಾರದ ನಂತರ ನೋಡಿದರೆ ಐದು ಪೆಟ್ಟಿಗೆಯಲ್ಲಿ ರಾಣಿ ಇರಲಿಲ್ಲ.

ನಾನು ತಪ್ಪಿದ್ದು ಎಲ್ಲಿ? ಇಟ್ಟ ಆಸಿಡ್ ಅಷ್ಟೇ, ಹಾರಿದ ಆಸಿಡ್ ಬೇರೆ. 20 ಡಿಗ್ರಿಯಲ್ಲಿ ಏಳುವ ಆವಿಗೆ ಹೋಲಿಸಿದರೆ 40 ಡಿಗ್ರಿಯಲ್ಲಿ ಅದು ಎರಡು ಪಟ್ಟು ದಾಟುತ್ತದೆ. ಹೊರದೇಶಗಳಲ್ಲಿ ಜೆಲ್ ಪಟ್ಟಿಯಾಗಿ ಮಾರುವ ಫಾರ್ಮಿಕ್ ಆಸಿಡ್ಡಿನ ಲೇಬಲ್ಲಿನಲ್ಲಿ, ಇಡುವ ದಿನ ಹಗಲಿನ ಗರಿಷ್ಠ ತಾಪ 10ರಿಂದ 29.5 ಡಿಗ್ರಿಯೊಳಗಿರಬೇಕು, ಮೊದಲ ಮೂರು ದಿನ ಬಹಳ ನಾಜೂಕು ಎಂದು ಬರೆದಿರುತ್ತದೆ. ಜರ್ಮನಿಯವರು ಆಗಸ್ಟಿನಲ್ಲಿ ಜೇನು ತೆಗೆದ ಮೇಲೆ ಇಡುತ್ತಾರೆ ಎಂದು ಓದಿ ನಾವು ನಮ್ಮ ಜೇನು ತೆಗೆದ ಮೇಲೆ, ಅಂದರೆ ಮಾರ್ಚ್ ಏಪ್ರಿಲಿನಲ್ಲಿ ಇಟ್ಟರೆ ಸಂಸಾರ ಬೇಯುತ್ತದೆ. ಗದಗ ಸೀಮೆಯಲ್ಲಿ ಏಪ್ರಿಲ್ ಮಧ್ಯಾಹ್ನ 38 ಮುಟ್ಟುವುದು ಹೊಸದೇನಲ್ಲ. ನಮಗೆ ಆಸಿಡ್ಡಿನ ಕಾಲ ಎರಡೇ: ಮಳೆಗಾಲದ ತಂಪು ವಾರಗಳು, ಮತ್ತೆ ನವೆಂಬರ್ ಕೊನೆಯಿಂದ ಜನವರಿಯವರೆಗೆ. ಆಗಲೂ ಪಂಚಾಂಗ ನೋಡಿದರೆ ಸಾಲದು, ಪೆಟ್ಟಿಗೆಯ ಬಳಿ ನೆರಳಲ್ಲಿ ಒಂದು ತಾಪಮಾಪಕ ನೇತುಹಾಕಿ ಅದನ್ನು ನೋಡಿ. 30 ತೋರಿಸಿದರೆ ಆ ದಿನ ಆಸಿಡ್ ಬಾಟಲಿಯ ಮುಚ್ಚಳ ತೆರೆಯಬೇಡಿ.

ಏಪ್ರಿಲಿನಲ್ಲಿ ನುಸಿ ಏರಿದರೆ ಏನು ಗತಿ ಎಂದು ಕೇಳುತ್ತೀರಿ. ಆಗ ಆಸಿಡ್ ಬಿಟ್ಟು ಬೇರೆ ದಾರಿ ಹಿಡಿಯಬೇಕು. ರಾಣಿಯನ್ನು ಪಂಜರದಲ್ಲಿಟ್ಟು ಮೊಟ್ಟೆ ನಿಲ್ಲಿಸಿ, ಮುಚ್ಚಿದ ಮರಿಯ ಹುಟ್ಟುಗಳನ್ನು ತೆಗೆದರೆ ಟ್ರೋಪಿಲೀಲ್ಯಾಪ್ಸ್ ತಾನಾಗಿಯೇ ಉಪವಾಸ ಬೀಳುತ್ತದೆ. ವರೋವಾಗೆ ಗಂಡುನೊಣದ ಕಣ ಇಷ್ಟ, ಆ ಹುಟ್ಟನ್ನು ಬಲೆಯಂತೆ ಬೆಳೆಸಿ, ಮುಚ್ಚಳ ಬಿದ್ದ ಮೇಲೆ ಕತ್ತರಿಸಿ ಕೋಳಿಗೆ ಹಾಕಿ. ಕೆಲಸ ಹೆಚ್ಚು, ಹೌದು. ಐದು ರಾಣಿ ಕಳೆದುಕೊಂಡವನಿಗೆ ಇದು ಹೆಚ್ಚು ಎನಿಸುವುದಿಲ್ಲ.

ತುಡುವೆ ಸಾಕುವವರಿಗೆ ಬೇರೆಯೇ ಮಾತು. ಸಾಮಾನ್ಯವಾಗಿ ನಿಮಗೆ ಈ ಆಸಿಡ್ ಬೇಡವೇ ಬೇಡ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಕೊಡಗು, ದಕ್ಷಿಣ ಕನ್ನಡದ ತುಡುವೆ ಪೆಟ್ಟಿಗೆಗಳಲ್ಲಿ ಬಹುಪಾಲು ಖಾಲಿಯಾದವು. ವಿರಾಜಪೇಟೆ, ಪುತ್ತೂರಿನ ಜೇನು ಸಹಕಾರ ಸಂಘಗಳು ಕಂಡ ಕೆಟ್ಟ ಕಾಲ ಅದು. ಆಗ ಜನ ಕೈಗೆ ಸಿಕ್ಕಿದ್ದೆಲ್ಲ ಸುರಿದರು. ಅದು ವೈರಸ್; ನುಸಿಯ ಮದ್ದಿಗೆ ಬಗ್ಗುವುದಿಲ್ಲ. ಮರಿ ನೀರು ತುಂಬಿದ ಚೀಲದಂತಾಗಿ ಸತ್ತಿದ್ದರೆ ಆಸಿಡ್ ಬಾಟಲಿ ಕಡೆ ಕೈ ಹಾಕಬೇಡಿ, ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೋ ಒಂದು ತುಂಡು ಹುಟ್ಟು ತೋರಿಸಿ.

ಇನ್ನು ಮೆಲ್ಲಿಫೆರಾಗೆ ಇಡುವ ಕ್ರಮ. ನಮ್ಮ ದೇಶದ ತರಬೇತಿಗಳಲ್ಲಿ ಹೇಳಿಕೊಡುವುದು ಸರಳ ವಿಧಾನ. ಶೇಕಡಾ 85ರ ಆಸಿಡ್ 5 ಮಿಲಿ, ಸಣ್ಣ ಗಾಜಿನ ಸೀಸೆಯಲ್ಲಿ, ಬಾಯಿಗೆ ಹತ್ತಿಯ ಬತ್ತಿ. ಅದನ್ನು ಸಂಸಾರ ಕೋಣೆಯ ತಳದ ಮೂಲೆಯಲ್ಲಿ, ಉರುಳದಂತೆ ಇಡಬೇಕು. ಆವಿಯಾಗಿ ಮುಗಿದಂತೆ ಮತ್ತೆ ತುಂಬುತ್ತ 15 ದಿನ, ಹೆಚ್ಚೆಂದರೆ 21. ಇಷ್ಟು ದಿನ ಯಾಕೆ ಎಂದು ಕೇಳುವವರಿಗೆ ಆ 12 ದಿನದ ಮುಚ್ಚಳವೇ ಉತ್ತರ: ಬತ್ತಿಯ ತೆಳು ಆವಿಗೆ ತಪ್ಪಿಸಿಕೊಂಡ ನುಸಿ ಎಂದಾದರೂ ಹೊರಗೆ ಬರಲೇಬೇಕು, ಬಂದಾಗ ಆವಿ ಕಾದಿರಬೇಕು. ಬತ್ತಿ ದಪ್ಪವಾದರೆ ಆವಿ ಹೆಚ್ಚು, ತೆಳುವಾದರೆ ಕಡಿಮೆ. ದೀಪದ ಬತ್ತಿ ಹೊಸೆದ ಕೈಗಳಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ. ನಮ್ಮ ತರಬೇತಿಗಳಲ್ಲಿ ಬತ್ತಿಯನ್ನು ಸರಿಯಾಗಿ ಮಾಡಿದವರು ಯಾವಾಗಲೂ ಹೆಣ್ಣುಮಕ್ಕಳೇ.

ಇಡುವ ಮೊದಲು ಜೇನು ಕೋಣೆ ತೆಗೆದಿರಬೇಕು. ಮಾರುವ ತುಪ್ಪ ಪೆಟ್ಟಿಗೆಯ ಮೇಲಿರುವಾಗ ಮದ್ದಿಡುವುದು ಕಸುಬಿಗೆ ಮಾಡುವ ದ್ರೋಹ. ಬಾಗಿಲು ಪೂರ್ತಿ ತೆರೆದಿರಬೇಕು. ಆರು ಚೌಕಟ್ಟಾದರೂ ನೊಣ ತುಂಬಿರದ ಬಡ ಸಂಸಾರಕ್ಕೆ ಇಡಬೇಡಿ, ಅದಕ್ಕೆ ಮೊದಲು ಸಕ್ಕರೆ ಪಾಕ ಕೊಟ್ಟು ಬಲ ತುಂಬಿ. ಹತ್ತಿರ ನೀರಿರಲಿ. ಏಳೆಂಟು ದಿನಕ್ಕೆ ಒಂದು ಚೌಕಟ್ಟು ಎತ್ತಿ ಬಿಸಿಲಿಗೆ ಹಿಡಿದು ಮೊಟ್ಟೆ ಇದೆಯೇ ನೋಡಿ. ಮೊಟ್ಟೆ ಇದ್ದರೆ ರಾಣಿ ಇದ್ದಾಳೆ.

ನಿಮ್ಮ ಮೈ ಕಾಯುವ ಮಾತು. ಜೇನು ಸಾಕಣೆಯ ಚರ್ಮದ ಕೈಗವಸು ಆಸಿಡ್ ಹೀರುತ್ತದೆ. ನೈಟ್ರೈಲ್ ರಬ್ಬರಿನದು ಬೇಕು. ಕಣ್ಣಿಗೆ ಸುತ್ತಲೂ ಮುಚ್ಚುವ ಗಾಗಲ್. ಕೊರೊನಾ ಕಾಲದ ಬಟ್ಟೆ ಮಾಸ್ಕ್ ಆವಿ ತಡೆಯುವುದಿಲ್ಲ, ಅದನ್ನು ಕಟ್ಟಿಕೊಂಡು ಧೈರ್ಯ ತಂದುಕೊಳ್ಳಬೇಡಿ. ಹೆಚ್ಚು ಆಸಿಡ್ ಸುರಿಯುವವರಿಗೆ ಆಸಿಡ್ ಆವಿಯ ಡಬ್ಬಿಯಿರುವ ಮುಖವಾಡ ಬೇಕು. ಗಾಳಿಗೆ ಬೆನ್ನು ಮಾಡಿ ನಿಲ್ಲಿ. ನಮ್ಮ ಸೀಮೆಯಲ್ಲಿ ಗಾಳಿಗೇನು ಕಡಿಮೆ, ದಿಬ್ಬದ ಮೇಲೆಲ್ಲ ಗಾಳಿಯಂತ್ರ ತಿರುಗುತ್ತಿವೆ, ಅವುಗಳ ರೆಕ್ಕೆ ನೋಡಿಯೇ ದಿಕ್ಕು ಹೇಳಬಹುದು. ತೆಳು ಮಾಡಬೇಕಾಗಿ ಬಂದರೆ ಮೊದಲು ನೀರು, ಅದಕ್ಕೆ ಆಸಿಡ್, ಎಂದೂ ತಿರುಗಾಮುರುಗಾ ಬೇಡ. 85ರದ್ದನ್ನು 60ಕ್ಕೆ ಇಳಿಸಲು ತೂಕದಲ್ಲಿ 25 ಭಾಗ ನೀರಿಗೆ 60 ಭಾಗ ಆಸಿಡ್. ಪಕ್ಕದಲ್ಲಿ ಎರಡು ಕೊಡ ನೀರು, ಒಂದು ಪೊಟ್ಟಣ ಅಡುಗೆ ಸೋಡಾ. ಸೋಡಾ ನೆಲಕ್ಕೆ ಚೆಲ್ಲಿದ ಆಸಿಡ್ಡಿಗೆ. ಮೈಗೆ, ಕಣ್ಣಿಗೆ ಬರೀ ನೀರು. ಕಣ್ಣಿಗೆ ಹಾರಿದರೆ ಕನಿಷ್ಠ ಹದಿನೈದು ನಿಮಿಷ ಬಿಡದೆ ನೀರು ಹಾಕಿ, ಆಮೇಲೆ ಆಸ್ಪತ್ರೆ. ಅಕಸ್ಮಾತ್ ಕುಡಿದವರಿಗೆ ವಾಂತಿ ಮಾಡಿಸಬೇಡಿ, ಬಂದ ದಾರಿಯಲ್ಲಿ ಅದು ಮತ್ತೆ ಸುಡುತ್ತದೆ. ತಗಡಿನ ಡಬ್ಬಿಯಲ್ಲಿ ಇಟ್ಟರೆ ಡಬ್ಬಿಯನ್ನೇ ತಿನ್ನುತ್ತದೆ. ನೀರಿನ ಬಾಟಲಿಗೆ, ಅದರಲ್ಲೂ ತಂಪು ಪಾನೀಯದ ಬಾಟಲಿಗೆ ತುಂಬಿಡುವವರಿಗೆ ನಾನು ಪೆಟ್ಟಿಗೆ ಮುಟ್ಟಲು ಬಿಡುವುದಿಲ್ಲ. ಮನೆಯಲ್ಲಿ ಮಕ್ಕಳಿರುತ್ತಾರೆ.

ಈಗ ಆ ಸಾಲದ ಮಾತಿಗೆ ಬರುತ್ತೇನೆ.

ಮೆಲ್ಲಿಫೆರಾ ಮೇವಿಗೆ ಎರಡು ಮೂರು ಕಿಲೋಮೀಟರು ಹೋಗುತ್ತದೆ. ಈ ಊರಿನ ಎರಡೂ ತುದಿ ಅದಕ್ಕೆ ಒಂದೇ ಅಂಗಳ. ನುಸಿ ಹತ್ತಿ ಸೊರಗಿದ ಸಂಸಾರ ತನ್ನ ತುಪ್ಪ ಕಾಯಲಾರದು. ಗಟ್ಟಿ ಸಂಸಾರದ ನೊಣಗಳು ಅಲ್ಲಿಗೆ ಕಳ್ಳತನಕ್ಕೆ ಹೋಗುತ್ತವೆ. ತುಪ್ಪದ ಜೊತೆ ಬೆನ್ನ ಮೇಲೆ ನುಸಿ ಹೊತ್ತು ಮನೆಗೆ ಬರುತ್ತವೆ. ನೀವು ತಿಂಗಳ ಹಿಂದೆ ಕಷ್ಟಪಟ್ಟು ಮದ್ದಿಟ್ಟ ಪೆಟ್ಟಿಗೆ ಅದು. ಒಬ್ಬ ನವೆಂಬರಿನಲ್ಲಿ, ಇನ್ನೊಬ್ಬ ಜನವರಿಯಲ್ಲಿ, ಮತ್ತೊಬ್ಬ "ನನ್ನ ಹುಳಾ ಆರಾಮ ಅದಾವು" ಎಂದು ಇಡದೇ ಇದ್ದರೆ ನುಸಿ ಮೂರು ಮನೆಯ ನಡುವೆ ಬೀಗರ ಹಾಗೆ ಓಡಾಡಿಕೊಂಡಿರುತ್ತದೆ. ಹನ್ನೆರಡು ಪೆಟ್ಟಿಗೆಯವನಿಗೂ ಎರಡು ಪೆಟ್ಟಿಗೆಯವನಿಗೂ ಇಲ್ಲಿ ಹೊಣೆ ಸಮ. ಲಾರಿಯಲ್ಲಿ ಬರುವವರನ್ನೂ ಬದುವಿನಲ್ಲಿ ಜಾಗ ಕೊಡುವ ಮುಂಚೆ ಕೇಳಬೇಕು: ಎಣಿಸಿದ್ದೀರಾ, ಎಷ್ಟು ಬಂತು, ಮದ್ದು ಯಾವಾಗ ಇಟ್ಟಿರಿ. ಜಾಗದ ಬಾಡಿಗೆಗೆ ಎರಡು ಬಾಟಲಿ ತುಪ್ಪ ಕೇಳುವ ನಾವು ಈ ಮೂರು ಪ್ರಶ್ನೆ ಕೇಳಿದ್ದನ್ನು ನಾನು ನೋಡಿಲ್ಲ.

ನಮ್ಮ ಸಂಘದ ಹಳೆಯ ಕ್ರಮದಂತೆ ಒಂದು ಪುಸ್ತಕ ಇಡಿ ಎನ್ನುವುದೇ ನನ್ನ ಬೇಡಿಕೆ. ಸಾಲದ ಖಾತೆಯ ಹಾಗೆ ನುಸಿಯ ಖಾತೆ. ಯಾರ ಪೆಟ್ಟಿಗೆ, ಯಾವ ತಾರೀಖು, 300 ನೊಣಕ್ಕೆ ಎಷ್ಟು ನುಸಿ, ಆಸಿಡ್ ಎಷ್ಟರದ್ದು, ಆ ದಿನ ಮಧ್ಯಾಹ್ನ ಎಷ್ಟು ಡಿಗ್ರಿ. ಆಸಿಡ್ಡನ್ನು ಲೇಬಲ್ ಇರುವ ಕ್ಯಾನಿನಲ್ಲಿ ಒಟ್ಟಿಗೆ ತಂದು, ಬೀಗದ ಕಪಾಟಿನಲ್ಲಿ ಒಂದೇ ಕಡೆ ಇಡಿ. ಗಾಗಲ್, ಮುಖವಾಡ ಎರಡು ಜೊತೆ ಇದ್ದರೆ ಇಡೀ ಊರಿಗೆ ಸಾಕು, ಎಲ್ಲರೂ ಕೊಳ್ಳಬೇಕಿಲ್ಲ. ಇಡುವ ವಾರ ಊರಿಗೆಲ್ಲ ಒಂದೇ. ಪತ್ತು ಹಂಚಿಕೊಂಡ ಊರಿಗೆ ಒಂದು ಗಾಗಲ್ ಹಂಚಿಕೊಳ್ಳುವುದು ಕಷ್ಟವೇ?

ಆದರೆ ಎಣಿಸದೆ ಯಾರೂ ಆಸಿಡ್ ಮುಟ್ಟಬಾರದು. ಎಣಿಸುವ ಸಾಮಾನು ಈ ಮೇಜಿನ ಮೇಲೇ ಇದೆ: ಉಪ್ಪಿನಕಾಯಿಯ ಹಳೆಯ ಗಾಜಿನ ಬಾಟಲಿ, ಅದರ ಮುಚ್ಚಳ ಕತ್ತರಿಸಿ ಹಾಕಿದ ತಂತಿ ಜಾಲರಿ, ಎರಡು ಚಮಚ ಸಕ್ಕರೆ ಪುಡಿ, ಒಂದು ಬಿಳಿ ತಟ್ಟೆ. ಮರಿಯಿರುವ ಹುಟ್ಟಿನಿಂದ ಅರ್ಧ ಕಪ್‌ನಷ್ಟು ನೊಣ ಬಾಟಲಿಗೆ ಹಾಕಿದರೆ ಸುಮಾರು 300 ಆಗುತ್ತವೆ. ರಾಣಿ ಬಂದಿಲ್ಲ ಎಂದು ಎರಡು ಸಲ ನೋಡಿಕೊಳ್ಳಿ. ಸಕ್ಕರೆ ಪುಡಿ ಹಾಕಿ ಬಾಟಲಿಯನ್ನು ಮೆಲ್ಲಗೆ ಉರುಳಿಸಿದರೆ ನೊಣಗಳು ಸಂಕ್ರಾಂತಿಯ ಕುಸುರೆಳ್ಳಿನ ಹಾಗೆ ಬೆಳ್ಳಗಾಗುತ್ತವೆ. ನುಸಿಯ ಕಾಲು ಜಾರುತ್ತದೆ. ಎರಡು ಮೂರು ನಿಮಿಷ ಬಿಟ್ಟು ಜಾಲರಿಯಿಂದ ತಟ್ಟೆಗೆ ಅಲುಗಾಡಿಸಿ, ಸಕ್ಕರೆಯ ಮೇಲೆ ಸ್ವಲ್ಪ ನೀರು ಚಿಮುಕಿಸಿದರೆ ಕಂದು ಕಾಳುಗಳು ಉಳಿಯುತ್ತವೆ. ನೊಣಗಳನ್ನು ಮತ್ತೆ ಮನೆಗೆ ಬಿಡಿ, ಸಂಗಡಿಗರು ನೆಕ್ಕಿ ಸ್ವಚ್ಛ ಮಾಡಿಕೊಳ್ಳುತ್ತಾರೆ. 300ಕ್ಕೆ ಒಂಬತ್ತು ನುಸಿ ಬಂದರೆ ನೂರಕ್ಕೆ ಮೂರು. ಅಲ್ಲಿಂದ ಮುಂದೆ ಸುಮ್ಮನೆ ಕೂರುವ ಹಾಗಿಲ್ಲ. ಟ್ರೋಪಿಲೀಲ್ಯಾಪ್ಸ್ ಈ ಲೆಕ್ಕದಲ್ಲಿ ಸಿಗುವುದಿಲ್ಲ, ಅದು ಕಣದೊಳಗೆ ಇರುತ್ತದೆ. ಅದಕ್ಕೆ ನೊಣ ಕೊಡವಿದ ಮರಿಹುಟ್ಟನ್ನು ಬಿಳಿ ತಟ್ಟೆಯ ಮೇಲೆ ಗಟ್ಟಿಯಾಗಿ ಕುಟ್ಟಿ ನೋಡಬೇಕು, ಇಲ್ಲವೇ ನೂರು ಕಣದ ಮುಚ್ಚಳ ಬಿಡಿಸಬೇಕು.

ಹೊರಗೆ ಬೇವಿನ ಗಿಡದ ಕೆಳಗೆ ಎರಡು ಪೆಟ್ಟಿಗೆ ತಂದಿಟ್ಟಿದ್ದೇನೆ. ಒಂದು ನನ್ನದು, ಒಂದು ಈ ಊರಿನವರದು. ಯಾವುದು ಯಾರದ್ದು ಎಂದು ಹೇಳುವುದಿಲ್ಲ. ಬಾಟಲಿ ತರುತ್ತೇನೆ, ನೀವು ನಾಲ್ಕು ಮಂದಿ ತಟ್ಟೆ ಹಿಡಿದು ಬನ್ನಿ; ಬಿಸಿಲು ಏರುವ ಮುಂಚೆ ಎಣಿಸಿಬಿಡೋಣ. ಚಹಾ ಆಮೇಲೆ.